ತಂಗಿಯ ಬೆನ್ನಿಗೆ ಬಂದ ಅಣ್ಣ

ಮಾನ್ಯ ಸಭಿಕರೆ,

ಬ್ರೆಜಿಲಿನ ಕಾಯೆತಾನೊ ವೆಲೋಜೊ ಅವರ ಸಂಗೀತವನ್ನು ನಿಮಗೆ ನಾನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಆದರೆ ಗಾಯಕಿ ಮರಿಯಾ ಬೆತಾನಿಯಾರನ್ನು ಅವರ ತಂಗಿ ಎಂದಷ್ಟೇ ಹೇಳಿ ಮುಂದೆ ಸಾಗುವ ರೂಢಿ ನನಗೆ ಒಪ್ಪಿಗೆಯಿಲ್ಲ. ವಯಸ್ಸಿನಲ್ಲಿ ಅವರು ಅಣ್ಣ, ನಿಜ; ರಿಯೊದ ರಂಗಕ್ಕೆ ಮಾತ್ರ ತಂಗಿಯ ಬೆನ್ನಿಗೆ ಬಂದವರು.

ಬಹಿಯಾ ರಾಜ್ಯದ ಸಾಂತೊ ಅಮಾರೊದಲ್ಲಿ, ಅಂಚೆ-ತಂತಿ ಇಲಾಖೆಯ ನೌಕರರೊಬ್ಬರ ತುಂಬಿದ ಮನೆಯಲ್ಲಿ 1942ರಲ್ಲಿ ಹುಟ್ಟಿದವರು ಕಾಯೆತಾನೊ. 1946ರಲ್ಲಿ ತಂಗಿ ಹುಟ್ಟಿದಾಗ, ಆಗ ಜನಪ್ರಿಯವಾಗಿದ್ದ ಹಾಡೊಂದರ ನಾಯಕಿಯ ಹೆಸರನ್ನೇ ಮಗುವಿಗೆ ಇಡಬೇಕೆಂದು, ಇನ್ನೂ ನಾಲ್ಕು ತುಂಬದ ಈ ಹುಡುಗ ಹಟ ಹಿಡಿದ. ಉಳಿದ ಮಕ್ಕಳು ಬೇರೆ ಬೇರೆ ಹೆಸರು ಹೇಳಿದ್ದರಿಂದ ತಂದೆ ಚೀಟಿ ಎತ್ತಿಸಿದರಂತೆ. ಬಂದದ್ದು ಹುಡುಗ ಹೇಳಿದ ಹೆಸರೇ. ಎಲ್ಲ ಚೀಟಿಗಳಲ್ಲೂ ಅದನ್ನೇ ಬರೆದಿದ್ದರೇನೋ ಎಂಬ ಗುಮಾನಿ ನನ್ನದು. ಮಕ್ಕಳ ಜಗಳ ಬಿಡಿಸಿದವರು ನನ್ನನ್ನು ಆಕ್ಷೇಪಿಸಲಾರರು.

1965ರಲ್ಲಿ ರಿಯೊದ ‘ಓಪಿನಿಯಾಂವ್’ ಎಂಬ ಸಂಗೀತ ರಂಗಪ್ರದರ್ಶನದಲ್ಲಿ ಹಾಡುತ್ತಿದ್ದ ನಾರಾ ಲಿಯಾಂವ್ ಅವರ ಜಾಗಕ್ಕೆ ಹದಿನೆಂಟರ ಬೆತಾನಿಯಾಗೆ ಕರೆ ಬಂತು. ಅಣ್ಣ ಜೊತೆಗೆ ಹೋಗುವುದಾದರೆ ಮಾತ್ರ ಕಳುಹಿಸುತ್ತೇನೆ ಎಂದರು ತಂದೆ. ಅಣ್ಣ ಹೊರಟದ್ದು ಹಾಗೆ, ಕಾವಲಿಗೆ! ಬರಪೀಡಿತ ಈಶಾನ್ಯ ಸೀಮೆಯ ಬೇಟೆಹಕ್ಕಿಯನ್ನು ಕುರಿತ ‘ಕಾರ್ಕಾರಾ’ ಹಾಡಿ ತಂಗಿ ಮನೆಮಾತಾದಾಗ, ಅಣ್ಣನನ್ನು ಬಲ್ಲವರು ವಿರಳ. ಅದಕ್ಕೇ ಹೇಳುವುದು, ಬೆನ್ನಿಗೆ ಬಂದವರು.

1967ರಲ್ಲಿ ಕಾಯೆತಾನೊ ದೆದೆ ಗಾದೆಲ್ಯಾರನ್ನು ಮದುವೆಯಾದರು. ದೆದೆಯ ಸೋದರಿ ಸಾಂದ್ರಾ, ಗಾಯಕ ಜಿಲ್ಬರ್ಟೊ ಜಿಲ್ ಅವರ ಕೈಹಿಡಿದದ್ದರಿಂದ, ಬ್ರೆಜಿಲಿನ ಹಾಡಿಗೆ ರಾಕ್ ಸಂಗೀತವನ್ನು ಬೆರೆಸಿದ ಟ್ರೊಪಿಕಾಲಿಯಾ ಚಳವಳಿಯ ಈ ಇಬ್ಬರು ನಾಯಕರು ಷಡ್ಡಕರೂ ಆದರು. 1968ರ ಡಿಸೆಂಬರಿನಲ್ಲಿ ಸೇನಾಡಳಿತ ಇಬ್ಬರನ್ನೂ ಬಂಧಿಸಿತು; ಮರುವರ್ಷ ಲಂಡನ್ನಿನ ದೇಶಭ್ರಷ್ಟ ಬಾಳು ಶುರುವಾಯಿತು. ತಂಗಿಯ ಹೆಸರಿನಲ್ಲೇ ಇಂಗ್ಲಿಷಿನಲ್ಲಿ ಹಾಡು ಕಟ್ಟಿ, ಊರಿನ ಸುದ್ದಿ ಕಳುಹಿಸೆಂದು ಕೇಳಿದ್ದು ಅಲ್ಲಿಂದಲೇ. 1971ರಲ್ಲಿ ತಂದೆತಾಯಿಯರ ಮದುವೆಯ ನಲವತ್ತನೆಯ ವರ್ಷದ ಸಂಭ್ರಮಕ್ಕೆ ಅಣ್ಣನಿಗೆ ಬರಲು ಅನುಮತಿ ಸಿಗುವಂತೆ ಓಡಾಡಿದವರು ಬೆತಾನಿಯಾ. ಬಂದಿಳಿದ ಕೂಡಲೇ ಅಧಿಕಾರಿಗಳು ಅವರನ್ನು ಗಂಟೆಗಟ್ಟಲೆ ವಿಚಾರಿಸಿ, ಅಮೆಜಾನ್ ಕಾಡಿನ ಹೆದ್ದಾರಿಯನ್ನು ಹೊಗಳಿ ಒಂದು ಹಾಡು ಬರೆಯಿರಿ ಎಂದರು. ಅವರು ಬರೆಯಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. ದೆದೆಯವರ ಮಗ ಮೊರೆನೊ, ಮುಂದೆ ಬಾಳಿಗೆ ಬಂದ ಪೌಲಾ ಲವೀನ್ಯಿ ಅವರ ಮಕ್ಕಳು ಜೆಕಾ ಮತ್ತು ಟಾಮ್, ಈ ಮೂವರೊಂದಿಗೂ 2017ರಲ್ಲಿ ತಂದೆ ಒಂದೇ ವೇದಿಕೆಯಲ್ಲಿ ಹಾಡಿದರು. ತಾಯಿ ಡೋನಾ ಕನೋ ನೂರೈದು ವರ್ಷ ಬಾಳಿ 2012ರಲ್ಲಿ ತೀರಿಕೊಂಡಿದ್ದರು. 2024ರಲ್ಲಿ ಅಣ್ಣ-ತಂಗಿ ಜೊತೆಯಾಗಿ ದೇಶ ಸುತ್ತಿ ಹಾಡಿದ ಕಛೇರಿಗಳಿಗೆ ‘ಕಾಯೆತಾನೊ ಮತ್ತು ಬೆತಾನಿಯಾ’ ಎಂದೇ ಹೆಸರು. ಆ ಎರಡು ಹೆಸರುಗಳ ಕ್ರಮದ ಬಗ್ಗೆ ನನ್ನ ತಕರಾರು ಏನೆಂದು ನಿಮಗೆ ಈಗಾಗಲೇ ಗೊತ್ತು.