ಮರಳಿ ಬಂದವರ ಖಿನ್ನತೆ

ಕೇಳುಗರೇ, ನಮಸ್ಕಾರ.

ದುಡಿಮೆಗೋ ಓದಿಗೋ ದೇಶ ಬಿಟ್ಟು ಹೋದವರನ್ನು ಒಂಟಿತನ ಕಾಡುತ್ತದೆ ಎಂದರೆ ಎಲ್ಲರೂ ಒಪ್ಪುತ್ತಾರೆ. ಆದರೆ ಅವರೇ ಊರಿಗೆ ಮರಳಿ, ಮನೆಯವರ ನಡುವೆ ಇದ್ದೂ ಮಂಕಾಗಿದ್ದಾರೆ ಎಂದರೆ, 'ಇನ್ನೇನು ಕೊರತೆ?' ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯಿಂದಾಗಿಯೇ ಅನೇಕರು ಬಾಯಿ ಬಿಡುವುದಿಲ್ಲ.

ಹೊರಡುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು. ಪ್ರಯಾಣಕ್ಕೆ ಮಾಡಿದ ಸಾಲ, ವಾಸದ ಪರವಾನಗಿಯ ಆತಂಕ, ಕಲಿತ ವಿದ್ಯೆಗೆ ತಕ್ಕದಲ್ಲದ ಕೆಲಸ, ಹೋಗಿ ಮುಖ ನೋಡಲಾಗದ ಸಾವಿನ ಸುದ್ದಿ, ಇವೆಲ್ಲ ಸೇರಿ ಆ ಗಟ್ಟಿತನವನ್ನು ನಿಧಾನವಾಗಿ ಸವೆಸುತ್ತವೆ. ಬಾರ್ಸಿಲೋನಾದ ಮನೋವೈದ್ಯ ಹೊಸೆಬಾ ಅಚೋತೆಗಿ ಅವರು 2002ರಲ್ಲಿ ವಲಸಿಗರ ಇಂಥ ದೀರ್ಘಕಾಲದ ತೀವ್ರ ಒತ್ತಡವನ್ನು ಖಿನ್ನತೆಯಿಂದ ಪ್ರತ್ಯೇಕವಾಗಿ ವಿವರಿಸಿದರು. ಅತ್ತು, ನಿದ್ದೆಗೆಟ್ಟು, ತಲೆನೋವಿನಿಂದ ನರಳುತ್ತಿದ್ದರೂ ದುಡಿಯಬೇಕೆಂಬ ಹಂಬಲ ಉಳಿದವರಿಗೆ ಮೊದಲು ಬೇಕಾದದ್ದು ಮಾತ್ರೆಯಲ್ಲ, ಆಸರೆ. ಆ ಹಂಬಲವೇ ಬತ್ತಿಹೋದಾಗ ವಿಷಯ ಬೇರೆ, ಅದು ಖಿನ್ನತೆ ಇರಬಹುದು.

ಮರಳುವಿಕೆಯೂ ಒಂದು ವಲಸೆಯೇ ಎಂಬುದು ನನ್ನ ಅಭಿಪ್ರಾಯ. ವಿದೇಶದಲ್ಲಿ ಕಲಿತು ಬಂದವರನ್ನು ಅಭ್ಯಸಿಸಿದ ಅಮೆರಿಕದ ಸಂಶೋಧಕರಾದ ಗಲ್ಲಹಾರ್ನ್ ದಂಪತಿ, ಹೊರನಾಡಿನಲ್ಲಿ ಒಮ್ಮೆ ಕುಸಿದು ಚೇತರಿಸಿಕೊಂಡ ಮನಸ್ಸು ಸ್ವದೇಶಕ್ಕೆ ಬಂದ ಮೇಲೆ ಇನ್ನೊಮ್ಮೆ ಕುಸಿಯಬಹುದೆಂದು 1963ರಲ್ಲೇ ಬರೆದರು. ಎಲ್ಲರೂ ಈ ನಕ್ಷೆಯಂತೆಯೇ ನಡೆಯುವುದಿಲ್ಲ, ನಿಜ. ಆದರೂ ಹೋದವರ ನೆನಪಿನಲ್ಲಿ ಮನೆ ಇದ್ದಂತೆಯೇ ಇರುತ್ತದೆ. ವಾಸ್ತವದಲ್ಲಿ ಮಕ್ಕಳು ಬೆಳೆದಿರುತ್ತಾರೆ, ಮನೆಯ ತೀರ್ಮಾನಗಳು ಬೇರೆಯವರ ಕೈಗೆ ಹೋಗಿರುತ್ತವೆ, ಹಣ ಕಳುಹಿಸುವವರೆಂದು ಸಿಗುತ್ತಿದ್ದ ಮರ್ಯಾದೆ ಹಣದೊಂದಿಗೇ ನಿಂತಿರುತ್ತದೆ. ಗಡೀಪಾರಾಗಿ ಸಾಲ ತೀರಿಸದೆ ಬಂದವರಿಗಂತೂ ಇದರ ಮೇಲೆ ಅವಮಾನದ ಹೊರೆ.

ಬೇಸರ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಕಾಡಿ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಅನೇಕರು ಮೈಕೈ ನೋವೆಂದಷ್ಟೇ ಹೇಳಿ ಬರುತ್ತಾರೆ; ಹೋಗಿಬಂದ ಕಥೆಯನ್ನೂ ಹೇಳಿದರೆ ವೈದ್ಯರಿಗೆ ದಾರಿ ಸಿಗುತ್ತದೆ. ಪರಭಾಷೆಯ ನಾಡಿನಲ್ಲಿ ವೈದ್ಯರನ್ನು ಕಾಣುವಾಗ ಸ್ವಂತ ಮಕ್ಕಳನ್ನು ದುಭಾಷಿಗಳಾಗಿ ಕೂರಿಸಿಕೊಳ್ಳುವುದು ಬೇಡ. ಅವರೆದುರು ಹೇಳಲಾಗದ ಮಾತುಗಳೇ ಅಲ್ಲಿ ಮುಖ್ಯ. ಸಾಯುವ ಯೋಚನೆ ಸುಳಿದರೆ ಅಂದೇ ನೆರವು ಪಡೆಯಬೇಕು, ಮನೆಯವರು ಅವರನ್ನು ಒಂಟಿಯಾಗಿ ಬಿಡಬಾರದು.

ಆಪ್ತಸಮಾಲೋಚನೆ, ಅಗತ್ಯವಿದ್ದರೆ ಔಷಧಿ, ಎರಡೂ ಫಲ ನೀಡುತ್ತವೆ. ಔಷಧಿಯ ಗುಣ ಕಾಣಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮತ್ತೆ ಹೊರದೇಶಕ್ಕೆ ಹೊರಡುವವರು ಮಾತ್ರೆಗಳ ಜೊತೆ ವೈದ್ಯರ ಚೀಟಿಯನ್ನೂ ಇಟ್ಟುಕೊಳ್ಳಲಿ. ಕೆಲವು ದೇಶಗಳಲ್ಲಿ ಕೆಲವು ಔಷಧಿಗಳಿಗೆ ನಿರ್ಬಂಧವಿದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.