ಕರಿಬೇವಿನಲ್ಲಿ ಔಷಧಿ ಉಳಿದಿದೆಯಾ? ಲ್ಯಾಬ್‌ನಲ್ಲಿ ಹುಡುಕುವುದು ಹೀಗೆ

(ದೃಶ್ಯ: ದೇವರಾಜ ಮಾರ್ಕೆಟ್, ಕರಿಬೇವಿನ ಕಟ್ಟು)

ನಮಸ್ಕಾರ. ಬೆಳಿಗ್ಗೆ ಮೈಸೂರಿನ ದೇವರಾಜ ಮಾರ್ಕೆಟ್‌ನಿಂದ ತಂದ ಕರಿಬೇವು ಇದು. ಘಮ್ ಅನ್ನುತ್ತಿದೆ. ತೋಟದಲ್ಲಿ ಹೊಡೆದ ಔಷಧಿ ಇದರಲ್ಲಿ ಉಳಿದಿದ್ದರೆ ಮೂಗಿಗೂ ಗೊತ್ತಾಗಲ್ಲ, ಕಣ್ಣಿಗೂ ಕಾಣಲ್ಲ.

ಹುಡುಕಬೇಕಾದ್ದು ಎಷ್ಟು ಗೊತ್ತಾ? ಯುರೋಪಿನಲ್ಲಿ ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ಕೆಜಿಗೆ 0.01 ಮಿಲಿಗ್ರಾಂ ಮಿತಿ. ಮಂಡ್ಯದ ರಸ್ತೆಯಲ್ಲಿ ಕಬ್ಬಿನ ಲಾರಿ ನೋಡಿದ್ದೀರಲ್ಲ, ಒಂದರಲ್ಲಿ 10 ಟನ್ ಅಂದುಕೊಳ್ಳಿ. ಅಂಥ 10 ಲಾರಿ ಕಬ್ಬಿಗೆ ಒಟ್ಟು 1 ಗ್ರಾಂ!

(ದೃಶ್ಯ: ಲ್ಯಾಬ್)

ಮೊದಲು ರುಬ್ಬುವುದು. ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್ ಹಾಕಿ ತಣ್ಣಗೆ ರುಬ್ಬುತ್ತಾರೆ, ಯಾಕಂದರೆ ಬಿಸಿಗೆ ಕೆಲವು ಕೀಟನಾಶಕ ಕೆಡುತ್ತವೆ. ಅಂದಹಾಗೆ, ಕೋಡೆಕ್ಸ್ ಅನ್ನೋ ಅಂತಾರಾಷ್ಟ್ರೀಯ ಆಹಾರ ನಿಯಮದಲ್ಲಿ ಬಾಳೆಹಣ್ಣನ್ನು ಸಿಪ್ಪೆ ಸಮೇತ ಪರೀಕ್ಷೆಗೆ ತಗೋತಾರೆ. ನಂಜನಗೂಡು ರಸಬಾಳೆಗೂ ವಿನಾಯಿತಿ ಇಲ್ಲ.

ರುಬ್ಬಿದ್ದು 10 ಗ್ರಾಂ ಟ್ಯೂಬಿಗೆ. ಮೇಲೆ 10 ಮಿಲಿ ಅಸಿಟೋನೈಟ್ರೈಲ್ ಅನ್ನೋ ದ್ರಾವಕ. ಒಂದು ನಿಮಿಷ ಜೋರಾಗಿ ಕುಲುಕಬೇಕು. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಟ್ಯೂಬ್ ಕೈಯಲ್ಲೇ ಬೆಚ್ಚಗಾಗುತ್ತದೆ! ಸಲ್ಫೇಟ್ ನೀರು ಹೀರುತ್ತಿದೆ ಅಂತ ಅರ್ಥ. ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿದರೆ ದ್ರಾವಕ ಮೇಲೆ ನಿಲ್ಲುತ್ತದೆ, ಕೀಟನಾಶಕವೂ ಅದರಲ್ಲೇ. 2003ರಲ್ಲಿ ಬಂದ ಈ ವಿಧಾನದ ಹೆಸರು ಕ್ವೆಚರ್ಸ್.

ಆದರೆ ಆ ದ್ರಾವಕ ಕಡು ಹಸಿರು. ಹಾಗೇ ಮೆಷಿನ್‌ಗೆ ಕೊಟ್ಟರೆ ಮೆಷಿನ್ ಗಲೀಜಾಗುತ್ತದೆ, ಲೆಕ್ಕವೂ ತಪ್ಪುತ್ತದೆ. ಹಸಿರು ತೆಗೆಯಲು ಕಾರ್ಬನ್ ಪುಡಿ ಹಾಕುತ್ತಾರೆ. ನನ್ನ ಪ್ರಕಾರ ನಿಜವಾದ ಕೈಚಳಕ ಇಲ್ಲೇ. ಕಮ್ಮಿಯಾದರೆ ಬಣ್ಣ ಹೋಗಲ್ಲ. ಜಾಸ್ತಿಯಾದರೆ ಬಣ್ಣದ ಜೊತೆ ಕೆಲವು ಕೀಟನಾಶಕವನ್ನೂ ನುಂಗಿಬಿಡುತ್ತದೆ. ಎಲೆಯಲ್ಲಿ ವಿಷ ಇದ್ದರೂ ರಿಪೋರ್ಟ್‌ನಲ್ಲಿ 'ಇಲ್ಲ'!

ಮೆಷಿನ್ ಕೆಲಸ ಸರಳವಾಗಿ ಹೇಳ್ತೀನಿ. ಮೊದಲು ಉದ್ದನೆಯ ಕೊಳವೆಯಲ್ಲಿ ಒಂದೊಂದನ್ನೇ ಬೇರ್ಪಡಿಸುತ್ತದೆ. ಬಿಸಿಗೆ ಆವಿಯಾಗುವಂಥದ್ದಕ್ಕೆ ಗ್ಯಾಸ್ ಕ್ರೊಮಟೋಗ್ರಫಿ, ಉಳಿದದ್ದಕ್ಕೆ ಲಿಕ್ವಿಡ್. ಕೊನೆಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನು ತೂಗುತ್ತದೆ, ಒಡೆಯುತ್ತದೆ, ಚೂರುಗಳನ್ನೂ ತೂಗುತ್ತದೆ. ಹೊರಬಂದ ಸಮಯ, ತೂಕ, ಚೂರು ಎಲ್ಲ ಹೊಂದಿದರೆ ಮಾತ್ರ ಹೆಸರು ಹೇಳಬಹುದು.

ಸರಿ, ಕಾರ್ಬನ್ ನುಂಗಿಲ್ಲ ಅಂತ ಹೇಗೆ ನಂಬೋದು? ಔಷಧಿ ಇಲ್ಲದ ಕರಿಬೇವಿಗೆ ಬೇಕಂತಲೇ ಗೊತ್ತಿರುವಷ್ಟು ಕೀಟನಾಶಕ ಬೆರೆಸಿ, ಇದೇ ದಾರಿಯಲ್ಲಿ ಕಳಿಸುತ್ತಾರೆ. ಹಾಕಿದ್ದರಲ್ಲಿ 70ರಿಂದ 120 ಶೇಕಡಾ ವಾಪಸ್ ಸಿಗಬೇಕು (ಅಳತೆಯ ಹೆಚ್ಚುಕಮ್ಮಿಯಿಂದ ಲೆಕ್ಕ 100 ದಾಟಬಹುದು). 40 ಸಿಕ್ಕಿತಾ? ಮತ್ತೆ 10 ಗ್ರಾಂ ತೂಗಿ, ಮತ್ತೆ ಕುಲುಕಿ.