ಮುಟ್ಟಿದರೆ ಗುಂಯ್: ಸಿಲ್ವರ್ ಓಕ್ ಗಿಟಾರಿನ ವೈರಿಂಗ್ ಕಥೆ

ನಮಸ್ಕಾರ. ಹಿಂದೆ ಎರಡು ಸದ್ದು ಕೇಳಿಸುತ್ತಿದೆ ಅಲ್ವಾ? ತಗಡಿನ ಮೇಲೆ ಬಡಿಯುತ್ತಿರುವುದು ಮಳೆ. ಅದರ ಅಡಿಯಲ್ಲಿ ಗುಂಯ್ ಅಂತ ಒಂದೇ ಸಮ ಬರುತ್ತಿದೆಯಲ್ಲ, ಅದು ನಾನು ಕಟ್ಟಿದ ಎಲೆಕ್ಟ್ರಿಕ್ ಗಿಟಾರ್. ಮಳೆ ನಿಲ್ಲಿಸುವುದು ನನ್ನ ಕೈಲಿಲ್ಲ. ಕೊಡಗಿನ ಚೇರಂಬಾಣೆ ಕಡೆ, ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ಅದು ಯಾರ ಕೈಲೂ ಇಲ್ಲ. ಈ ಗುಂಯ್ ನಿಲ್ಲಿಸೋಕೆ ನಾಲ್ಕು ದಿನ ಒದ್ದಾಡಿದೆ. ಇವತ್ತಿನ ವಿಡಿಯೋ ಆ ನಾಲ್ಕು ದಿನದ್ದು.

ಮೊದಲು ಮರದ ವಿಷಯ ಮುಗಿಸಿಬಿಡುತ್ತೇನೆ. ಎರಡು ವರ್ಷದ ಹಿಂದೆ ಗಾಳಿಗೆ ನಮ್ಮ ತೋಟದ ಒಂದು ಸಿಲ್ವರ್ ಓಕ್ ಮರ ಕರಿಮೆಣಸಿನ ಬಳ್ಳಿ ಸಮೇತ ಉರುಳಿತು. ಬಳ್ಳಿ ಹೋದದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಬೇಜಾರು, ನನಗೆ ಮಾತ್ರ ಒಳಗೊಳಗೇ ಖುಷಿ. ಎರಡು ಇಂಚಿನ ಹಲಗೆ ಕೊಯ್ಯಿಸಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅಂತ ಬಡಗಿಗಳ ಲೆಕ್ಕ. ನಮ್ಮೂರಿನ ಮಳೆಗೆ ಆ ಲೆಕ್ಕ ಸಾಲಲ್ಲ, ಹಾಗಾಗಿ ಹೊಗೆಯ ಸಹಾಯ. ಇನ್ನೊಂದು ಮಾತು. ಸಿಲ್ವರ್ ಓಕ್ ಉಜ್ಜುವಾಗ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಆ ಪುಡಿ ಕೆಲವರ ಮೈಗೆ ಆಗಲ್ಲ. ನನಗೆ ಮೊಣಕೈವರೆಗೂ ತುರಿಕೆ ಎದ್ದು ಮೂರು ದಿನ ತೆಂಗಿನೆಣ್ಣೆ ಹಚ್ಚಿಕೊಂಡು ಕೂತಿದ್ದೆ.

ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ನಾನು ಮಾಡಿದ್ದಲ್ಲ, ಕೊಂಡಿದ್ದು. ತಮಾಷೆ ನೋಡಿ, ಅದರ ಮೇಲೆ ಬೆರಳೊತ್ತುವ ಹಲಗೆ, ಅಂದರೆ ಫ್ರೆಟ್‌ಬೋರ್ಡ್ ಬೀಟೆ ಮರದ್ದು. ಇಂಡಿಯನ್ ರೋಸ್‌ವುಡ್ ಅಂತ ಜಗತ್ತಿನ ಗಿಟಾರ್ ಕಂಪನಿಗಳು ಬಳಸುವುದು ಇದೇ ಬೀಟೆಯನ್ನು. ಅಂಗಳದಾಚೆ ಬೀಟೆ ಮರ ನಿಂತಿದೆ, ನನ್ನ ಬೀಟೆ ಕೊರಿಯರ್‌ನಲ್ಲಿ ಬಂತು.

ಈಗ ಒಳಗಿನ ವಿಷಯ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಇದು ಪಿಕಪ್. ಆರು ಅಯಸ್ಕಾಂತದ ಗುಂಡುಗಳು ಕಾಣುತ್ತಿವೆ ಅಲ್ವಾ, ತಂತಿಗೊಂದರಂತೆ. ಅವುಗಳ ಸುತ್ತ ಜೇನುಬಣ್ಣದಲ್ಲಿ ಹೊಳೆಯುತ್ತಿರುವುದು ತಾಮ್ರದ ವೈರ್. 42 ಗೇಜ್, ಅಂದರೆ 0.063 ಮಿಲಿಮೀಟರ್, ತಲೆಕೂದಲಿನಷ್ಟು ತೆಳು. ಒಂದು ಪಿಕಪ್ಪಿಗೆ ಹೆಚ್ಚುಕಡಿಮೆ 8,000 ಸುತ್ತು. ಮೇಲೆ ಉಕ್ಕಿನ ತಂತಿ ಕುಣಿದಾಗ ಅಯಸ್ಕಾಂತದ ಸೆಳೆತ ಅಲುಗುತ್ತದೆ, ಆ ಅಲುಗಾಟಕ್ಕೆ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದು ಇದನ್ನೇ. ಎಸ್ಟೇಟಿನ ಜನರೇಟರ್ ಒಳಗೂ ಇದೇ ಕೆಲಸ ನಡೆಯುತ್ತದೆ.

ತೊಂದರೆ ಏನು ಅಂದರೆ, ಈ ಸುರುಳಿಗೆ ತಂತಿ ಯಾವುದು, ಗೋಡೆಯೊಳಗಿನ ಕರೆಂಟ್ ಯಾವುದು ಅಂತ ಗೊತ್ತಾಗಲ್ಲ. ನಮ್ಮ ಮನೆಗಳ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಅದನ್ನೂ ಹಿಡಿದು ಸದ್ದು ದೊಡ್ಡದು ಮಾಡುವ ಆಂಪ್‌ಗೆ ಕಳಿಸುತ್ತದೆ. ಇದಕ್ಕೆ ಮದ್ದು ಹುಡುಕಿದವರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಒಬ್ಬರು. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದರ ಬದಲು ಎರಡು ಸುರುಳಿ. ಒಂದರಲ್ಲಿ ಸುತ್ತುವ ದಿಕ್ಕೂ ಉಲ್ಟಾ, ಅಯಸ್ಕಾಂತವೂ ಉಲ್ಟಾ. ಹೊರಗಿನ ಗುಂಯ್ ಒಂದನ್ನೊಂದು ಹೊಡೆದು ಹಾಕುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಹಂಬಕರ್ ಅಂದರೆ ಇದೇ.

ನಾನು ಹಾಕಿರುವುದು ಹಂಬಕರ್ ಅಲ್ಲ, ಮೂರು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್. ಅದರ ದನಿ ಇಷ್ಟ, ಅಷ್ಟೇ ಕಾರಣ. ಆದರೆ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿದ್ದೇ, ಅಯಸ್ಕಾಂತವೂ ಉಲ್ಟಾ ಇರುವುದೇ ತರಿಸಿದೆ. ಹಾಗಾಗಿ ಐದು ಸ್ಥಾನದ ಸ್ವಿಚ್ಚಿನಲ್ಲಿ ಎರಡು ಮತ್ತು ನಾಲ್ಕನೇ ಜಾಗದಲ್ಲಿ, ಅಂದರೆ ನಡುವಿನದು ಇನ್ನೊಂದರ ಜೊತೆ ಕೂಡುವಲ್ಲಿ, ಗುಂಯ್ ತಾನಾಗಿ ಕಮ್ಮಿ. ಇಂಥದೇ ಮೂರು ಪಿಕಪ್ಪಿನ ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರ್ 1954ರಲ್ಲಿ ಬಂದಾಗ ಸ್ವಿಚ್ಚಿಗೆ ಮೂರೇ ಸ್ಥಾನ ಇತ್ತು. ನುಡಿಸುವವರು ಅದನ್ನು ಮಧ್ಯದಲ್ಲಿ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಬರುವ ಹಾಗೆ ಮಾಡಿಕೊಳ್ಳುತ್ತಿದ್ದರು. ಐದು ಸ್ಥಾನದ್ದನ್ನು ಫೆಂಡರ್ ಕೊಟ್ಟಿದ್ದು 1977ರಲ್ಲಿ.

ಮೀಟರ್ ಹಿಡಿದರೆ ಒಂದೊಂದು ಪಿಕಪ್ಪೂ ಆರು ಕಿಲೋ ಓಮ್ ಆಸುಪಾಸು ತೋರಿಸಬೇಕು. ಒಂದು ಪಿಕಪ್ ಹಿಡಿದಾಗ ಮಾತ್ರ ಮೀಟರಿನ ಎಡ ತುದಿಯಲ್ಲಿ ಬರೀ ‘1’ ಬಂತು. ಅದು ಒಂದು ಓಮ್ ಅಲ್ಲ, ಅಳತೆಗೇ ಸಿಗುತ್ತಿಲ್ಲ ಅಂತ, ಅಂದರೆ ಒಳಗೆ ಎಲ್ಲೋ ತುಂಡು. ತಪ್ಪು ನಂದೇ. ಅಯಸ್ಕಾಂತ ಅಂತ ಮರೆತು ಸ್ಕ್ರೂಡ್ರೈವರ್ ಪಕ್ಕದಲ್ಲಿ ಹಿಡಿದಿದ್ದೆ. ಅದು ಪಟ್ಟನೆ ಎಳೆದುಕೊಂಡು ವೈರಿಗೆ ಚುಚ್ಚಿತು. ಇನ್ನೊಂದು ತರಿಸಿದೆ, ಎಂಟು ದಿನ ಕಾದೆ. ಸುರುಳಿಯ ಮೇಲೆ ಒಂದು ಸುತ್ತು ಟೇಪ್ ಹಾಕಿಯೇ ಕೆಲಸ ಶುರು ಮಾಡಿ.

ಪಾಟ್ ಅಂದರೆ ಈ ತಿರುಗಿಸುವ ಗುಬ್ಬಿಯ ಅಡಿಯಲ್ಲಿ ಕೂತು ಸದ್ದು ಏರಿಸಿ ಇಳಿಸುವ ಭಾಗ. ಸಿಂಗಲ್ ಕಾಯಿಲ್‌ಗೆ 250ಕೆ, ಅಂದರೆ 250 ಕಿಲೋ ಓಮ್, ಹಂಬಕರ್‌ಗೆ 500ಕೆ ಅನ್ನುವುದು ರೂಢಿ. ಮೇಲೆ ಬರೆದಿರುವ ಅಕ್ಷರವನ್ನೂ ನೋಡಿ. ಮಡಿಕೇರಿಯಲ್ಲಿ ಬಿ ಅಂತ ಬರೆದದ್ದು ಸಿಕ್ಕಿತು, ತಂದು ವಾಲ್ಯೂಮಿಗೆ ಹಾಕಿದೆ. ಹತ್ತರಿಂದ ಮೂರರವರೆಗೆ ತಿರುಗಿಸಿದರೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆಮೇಲೆ ಧೊಪ್ ಅಂತ ಬಿದ್ದು ಹೋಗುತ್ತದೆ. ಕಿವಿಗೆ ಸಮನಾಗಿ ಇಳಿಯಬೇಕು ಅಂದರೆ ಎ ಅಂತ ಇರುವುದು ಬೇಕು.

ಟೋನ್‌ಗೆ ಈ ಚಪ್ಪಟೆ ಕೆಪಾಸಿಟರ್. ಮೇಲೆ 473 ಅಂತಿದೆ. 47ರ ಮುಂದೆ ಮೂರು ಸೊನ್ನೆ, ಅಂದರೆ 47,000 ಪಿಕೋಫ್ಯಾರಡ್, ಅಂದರೆ 0.047 ಮೈಕ್ರೋಫ್ಯಾರಡ್. ಇದರ ಕೆಲಸ ಗದ್ದೆಯ ಬದುವಿಗೆ ಕಂಡಿ ಬಿಟ್ಟ ಹಾಗೆ. ಕಂಡಿ ತೆರೆದಷ್ಟೂ ಚೂಪು ಸ್ವರಗಳು ಆ ಕಡೆ ಹರಿದು ಗ್ರೌಂಡಿಗೆ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಗೆ, ಹೋಗುತ್ತವೆ, ದಪ್ಪ ಸ್ವರಗಳು ಗದ್ದೆಯಲ್ಲೇ ನಿಲ್ಲುತ್ತವೆ. ಕೆಪಾಸಿಟರ್ ಬದಲಿಸಿದರೆ ದನಿಯೇ ಬದಲಾಯಿತು ಅಂತ ನೂರಾರು ರೂಪಾಯಿಯ ಹಳೇ ಮಾಲು ಹುಡುಕುವವರಿದ್ದಾರೆ. ನನಗೆ ಐದು ರೂಪಾಯಿಯದೇ ಸಾಕು.

ಈಗ ಸೋಲ್ಡರಿಂಗ್. ಗಿಟಾರ್ ವೈರಿಂಗಿನಲ್ಲಿ ಕಷ್ಟದ ಜಾಗ ಒಂದೇ, ಪಾಟಿನ ಬೆನ್ನು. ಎಲ್ಲ ಗ್ರೌಂಡ್ ವೈರ್‌ಗಳೂ ಅಲ್ಲಿಗೇ ಬರುತ್ತವೆ. ಅದೋ ದಪ್ಪ ತಗಡು, ಬಿಸಿಯನ್ನೆಲ್ಲ ಕುಡಿದು ಬಿಡುತ್ತದೆ. ನನ್ನ 25 ವ್ಯಾಟಿನ ಬೆಸುಗೆ ಐರನ್ ಎಷ್ಟು ಹೊತ್ತು ಒತ್ತಿದರೂ ಲೆಡ್, ಅಂದರೆ ಬೆಸುಗೆಗೆ ಕರಗಿಸುವ ಲೋಹ, ಮಣಿ ಕಟ್ಟಿಕೊಂಡು ಉರುಳುತ್ತದೆ, ಹಿಡಿಯಲ್ಲ. ಮೊದಲು ಬೆನ್ನನ್ನು ಮರಳು ಕಾಗದದಿಂದ ಉಜ್ಜಬೇಕು, ಆಮೇಲೆ 40 ಅಥವಾ 60 ವ್ಯಾಟಿನ ಐರನ್ ಬೇಕು. ಪಕ್ಕದ ಮನೆಯಿಂದ 60ರದ್ದು ತಂದು ಕೂತೆ. ಲೆಡ್ ಕರಗುತ್ತಿದೆ, ವೈರ್ ಹಿಡಿದಿದ್ದೇನೆ, ಕರೆಂಟ್ ಹೋಯಿತು. ಎಲ್ಲೋ ಲೈನಿನ ಮೇಲೆ ಮರ. ಇನ್ವರ್ಟರ್ ಹಿಂದಿನ ರಾತ್ರಿಯೇ ಮಲಗಿತ್ತು.

ಇಲ್ಲಿ ನಮ್ಮ ಚಿಕ್ಕಪ್ಪ ಬರುತ್ತಾರೆ. ತೋಟದ ಪಂಪ್‌ಸೆಟ್, ಪಲ್ಪರ್ ಮೋಟಾರ್ ಎಲ್ಲ ನೋಡಿಕೊಳ್ಳುವವರು. "ಕರೆಂಟ್ ಇಲ್ಲ ಅಂತ ಕೂತ್ಕೊಂಡ್ಯಾ? ಮೊದ್ಲೆಲ್ಲ ಕೊಡಕ್ಕೆ ಬೆಸುಗೆ ಯಾವ ಕರೆಂಟಲ್ಲಿ ಹಾಕ್ತಿದ್ರು?" ಅಂದವರೇ ಕೊಟ್ಟಿಗೆಯಿಂದ ಒಂದು ಹಳೇ ಸಾಮಾನು ತಂದರು. ಮರದ ಹಿಡಿ, ಕಬ್ಬಿಣದ ಸರಳು, ತುದಿಯಲ್ಲಿ ಹೆಬ್ಬೆರಳು ದಪ್ಪದ ತಾಮ್ರದ ಗಟ್ಟಿ. ಅದನ್ನು ಒಲೆಯ ಕೆಂಡದಲ್ಲಿ ಹೂತರು. ಅಜ್ಜಿ ಪಕ್ಕದಲ್ಲಿ ಕಣಿಲೆ ಹೆಚ್ಚುತ್ತಾ, "ಊಟಕ್ಕೆ ಮುಂಚೆ ಒಲೆ ಬಿಟ್ಕೊಡ್ರೋ" ಅಂತಿದ್ದರು. ಚಿಕ್ಕಪ್ಪ ತಗಡಿಗೆ ಹಚ್ಚುವ ಆಸಿಡ್ ಬಾಟಲಿಯನ್ನೂ ತಂದಿದ್ದರು. "ಅದು ಬೇಡ ಚಿಕ್ಕಪ್ಪ, ಆರು ತಿಂಗಳಲ್ಲಿ ವೈರೆಲ್ಲ ತಿಂದು ಹಾಕುತ್ತೆ, ರಾಳದ ಪೇಸ್ಟ್ ಸಾಕು" ಅಂದೆ. ಒಪ್ಪಿದರು, ಮುಖ ಮಾತ್ರ ಒಪ್ಪಲಿಲ್ಲ. ತಾಮ್ರ ಕಾದ ಮೇಲೆ ಒರೆಸಿ ಪಾಟಿನ ಬೆನ್ನಿಗೆ ಇಟ್ಟರು. ಒಂದು, ಎರಡು, ಮೂರು ಎಣಿಸುವುದರೊಳಗೆ ಲೆಡ್ ನೀರಿನಂತೆ ಹರಡಿ ಕನ್ನಡಿಯ ಹಾಗೆ ಹೊಳೆಯಿತು. ಇಡೀ ಗಿಟಾರಿನಲ್ಲಿ ಎಲ್ಲಕ್ಕಿಂತ ಚೆಂದದ ಬೆಸುಗೆ ಅದೇ. ನೋಡಿ, ಈ ಬಲಗಡೆಯದು. ಎಡಗಡೆ ಬೂದಿ ಬಣ್ಣದಲ್ಲಿ ಮಂಕಾಗಿರುವುದು ನಂದು, ಕರೆಂಟ್ ಹೋದಾಗ ವೈರ್ ಅಲುಗಾಡಿದ್ದು. ಅದನ್ನು ಮರುದಿನ ಬಿಚ್ಚಿ ಮತ್ತೆ ಹಾಕಿದೆ.

ಮರುದಿನ ಕರೆಂಟ್ ಬಂತು. ತಂತಿ ಕಟ್ಟಿ, ಆಂಪ್ ಹಾಕಿದೆ. ಗುಂಯ್! ಅಜ್ಜಿ ಒಳಗಿನಿಂದಲೇ, "ಇದೇನೋ, ಅದರೊಳಗೆ ಜೇನು ಹೊಕ್ಕಿತಾ?" ಅಂದರು.

ಇಂಥ ಹೊತ್ತಲ್ಲಿ ಪಿಕಪ್ ಬದಲಿಸೋಕೆ ಓಡಬೇಡಿ. ಸುಮ್ನೆ ಕೈಯಿಂದ ಮುಟ್ಟಿ ನೋಡಿ. ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾದರೆ ಗ್ರೌಂಡ್ ಸರಿ ಇದೆ, ಒಳಗೆ ಶೀಲ್ಡಿಂಗ್, ಅಂದರೆ ಹೊರಗಿನ ಕರಕರೆಗೆ ಅಡ್ಡ ನಿಲ್ಲುವ ಲೋಹದ ಹೊದಿಕೆ, ಸಾಲದು ಅಷ್ಟೇ. ಏನೂ ಬದಲಾಗದಿದ್ದರೆ ತಂತಿಗೆ ಗ್ರೌಂಡ್ ತಲುಪಿಲ್ಲ ಅನ್ನುವ ಗುಮಾನಿ. ಮುಟ್ಟಿದಾಗ ಜಾಸ್ತಿಯಾದರೆ ಎಲ್ಲೋ ವೈರ್ ಅದಲುಬದಲು. ನಂದು ಏನೂ ಬದಲಾಗಲಿಲ್ಲ. ದೇಹದ ಮೇಲೆ ತಂತಿಗಳು ಕೂರುವ ಲೋಹದ ಭಾಗ, ಅಂದರೆ ಬ್ರಿಡ್ಜ್ ಬಿಚ್ಚಿದೆ. ಅದರ ಅಡಿಯಲ್ಲಿ ಒಂದು ಗ್ರೌಂಡ್ ವೈರ್ ಒತ್ತಿಕೊಂಡು ಇರಬೇಕು. ಇತ್ತು. ಆದರೆ ಮರಕ್ಕೆ ಲ್ಯಾಕರ್ ಬಳಿಯುವಾಗ ಆ ವೈರಿನ ತುದಿಗೂ ಬಳಿದಿದ್ದೆ! ಚೆನ್ನಾಗಿ ಹೊಳೆಯುತ್ತಿತ್ತು, ಕರೆಂಟ್ ಮಾತ್ರ ಹೋಗುತ್ತಿರಲಿಲ್ಲ. ಬ್ಲೇಡಿನಿಂದ ಕೆರೆದು ಹಾಕಿದೆ.

ಈಗ ಆಂಪ್ ಹಾಕಿ ತಂತಿ ಮುಟ್ಟಿದೆ. ಗುಂಯ್ ಎರಡರಷ್ಟಾಯಿತು. ಒಂದು ತಪ್ಪು ಸರಿ ಮಾಡಿದ್ದಕ್ಕೆ ಇನ್ನೊಂದು ತಪ್ಪು ಬಾಯಿ ಬಿಟ್ಟಿತು. ಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಕೇಬಲ್ ಚುಚ್ಚುವ ಜಾಕಿಗೆ ಹಿಡಿದೆ. ಬ್ರಿಡ್ಜಿಗೂ ಜಾಕಿನ ಹೊರಮೈಗೂ ಬೀಪ್ ಬರಬೇಕು. ಬರಲಿಲ್ಲ. ಪ್ಲಗ್ಗಿನ ತುದಿ ತಾಗುವ ಆ ನಾಲಿಗೆಗೆ ಹಿಡಿದರೆ ಬೀಪ್. ಅಂದರೆ ಜಾಕಿನಲ್ಲಿ ಎರಡೂ ವೈರ್ ಅದಲುಬದಲು. ಕತ್ತಲಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಾಕಿದ್ದರ ಫಲ. ಬದಲಿಸಿದೆ. ತಂತಿ ಮುಟ್ಟಿದರೆ ಸದ್ದು ತಗ್ಗಿತು. ಅಬ್ಬಾ!

ಅಷ್ಟಕ್ಕೆ ಮುಗಿಯಲಿಲ್ಲ. ಬರಿಗಾಲಲ್ಲಿ ಒದ್ದೆ ಸಿಮೆಂಟ್ ನೆಲದ ಮೇಲೆ ನಿಂತಿದ್ದೆ, ತಂತಿ ಮುಟ್ಟಿದ ಬೆರಳಿನಲ್ಲಿ ಚುಮುಚುಮು ಅಂತು. ಇದನ್ನು ನಗುತ್ತಾ ಹೇಳೋಕೆ ಆಗಲ್ಲ. ನಿಮಗೂ ಹಾಗಾದರೆ ಆ ಕ್ಷಣವೇ ಮೇನ್ ಸ್ವಿಚ್ ಆಫ್ ಮಾಡಿ. ಚಿಕ್ಕಪ್ಪ ಪ್ಲಗ್ ಕಿತ್ತು, ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದರು. ಮೂರು ತೂತಿನ ಸಾಕೆಟ್, ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ. ಬರೀ ಶೋಕಿಗೆ. ಬಚ್ಚಲುಮನೆ ಹೊಸದಾಗಿ ಕಟ್ಟಿಸಿದಾಗ ಅರ್ಥಿಂಗ್ ವೈರ್ ತುಂಡಾಗಿ ಗೋಡೆಯೊಳಗೇ ಉಳಿದಿತ್ತು. "ಹೊರಗೆ ಇದ್ದಿಲು ಉಪ್ಪು ಹಾಕಿ ಗುಂಡಿ ಮಾಡಿದೀವಿ, ಬೇಸಿಗೇಲಿ ನೀರು ಬೇರೆ ಹೊಯ್ತೀವಿ. ಅಲ್ಲಿಂದ ಮನೆಗೆ ವೈರೇ ಬಂದಿಲ್ಲ!" ಅಂತ ಅವರಿಗೇ ನಾಚಿಕೆ. ಎಲೆಕ್ಟ್ರಿಷಿಯನ್ ಕರೆಸಿ ಹೊಸ ವೈರ್ ಎಳೆಸಿದೆವು. ಚುಮುಚುಮು ಹೋಯಿತು, ಅದರ ಜೊತೆ ಅರ್ಧ ಗುಂಯ್ ಕೂಡ. ಗಿಟಾರಿನ ನೆಪದಲ್ಲಿ ಅಡುಗೆಮನೆಯ ಮಿಕ್ಸಿಗೂ ಅರ್ಥಿಂಗ್ ಸಿಕ್ಕಿತು.

ಕೊನೆಗೆ ಶೀಲ್ಡಿಂಗ್. ಗಿಟಾರಿನ ಮರದಲ್ಲಿ ಪಿಕಪ್ ಕೂರುವ ಗುಂಡಿಯೊಳಗೆ ತಾಮ್ರದ ಟೇಪ್ ಅಂಟಿಸಿದೆ. ಒಂದು ತುಂಡಿಗೂ ಇನ್ನೊಂದಕ್ಕೂ ಲೆಡ್ ಚುಕ್ಕೆ ಇಟ್ಟು, ಎಲ್ಲವನ್ನೂ ಗ್ರೌಂಡಿಗೆ ಸೇರಿಸಿದೆ. ಟ್ಯೂಬ್‌ಲೈಟಿನ ಜುಯ್ ಅನ್ನುವ ಕರಕರೆ ಇದರಿಂದ ತುಂಬಾ ಇಳಿಯುತ್ತದೆ. ಆದರೆ 50 ಸಲದ ಆ ದಪ್ಪ ಗುಂಯ್ ಇದೆಯಲ್ಲ, ಅದು ಅಯಸ್ಕಾಂತದ ದಾರಿಯಲ್ಲಿ ಬರುತ್ತದೆ. ತಾಮ್ರದ ಹಾಳೆ ಅದನ್ನು ತಡೆಯಲ್ಲ. ಗಿಟಾರ್ ಹಿಡಿದು ಕೂತಲ್ಲೇ ನಿಧಾನಕ್ಕೆ ತಿರುಗಿ, ಒಂದು ದಿಕ್ಕಿನಲ್ಲಿ ಅದು ಬಹುತೇಕ ಮಾಯವಾಗುತ್ತದೆ. ನನಗೆ ಆ ದಿಕ್ಕು ಕಿಟಕಿಯ ಕಡೆ ಬಂತು, ಒಳ್ಳೇದೇ ಆಯಿತು.

ಸೆಟಪ್ ಬೇಗ ಹೇಳಿಬಿಡುತ್ತೇನೆ. ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಗೆರೆ. ಮೊದಲ ಫ್ರೆಟ್ಟನ್ನೂ ನೆಕ್ ದೇಹಕ್ಕೆ ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಏಳನೇ ಫ್ರೆಟ್ಟಿನ ಹತ್ತಿರ ತಂತಿಯಡಿ ಕಾಲು ಮಿಲಿಮೀಟರ್ ಸಂದು ಇರಬೇಕು. ಬೇಕಾದರೆ ನೆಕ್ ಒಳಗಿನ ಸರಳು, ಅಂದರೆ ಟ್ರಸ್ ರಾಡ್ ತಿರುಗಿಸಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಎರಡು ಮಿಲಿಮೀಟರ್ ಒಳಗೆ. ಅಲ್ಲೇ ಹಗುರಾಗಿ ಮುಟ್ಟಿ ಬರುವ ಹಾರ್ಮೋನಿಕ್‌ಗೂ ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರ್ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್, ಅಂದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು, ಹಿಂದಕ್ಕೆ ಸರಿಸಿ. ಪಿಕಪ್ ತಂತಿಗೆ ತೀರಾ ಹತ್ತಿರ ತರಬೇಡಿ, ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ತೊದಲುತ್ತದೆ. ಕೊನೆಯ ಫ್ರೆಟ್ ಒತ್ತಿ ನೋಡಿದಾಗ ಎರಡು, ಎರಡೂವರೆ ಮಿಲಿಮೀಟರ್ ಇರಲಿ. ನನ್ನ ಹಳೇ ಗಿಟಾರನ್ನು ಹೀಗೇ ಮಳೆಗಾಲದಲ್ಲಿ ಚೆಂದ ಸೆಟ್ ಮಾಡಿದ್ದೆ. ಕಾಫಿ ಕೊಯ್ಲಿನ ಒಣಗಾಳಿಗೆ ನೆಕ್ ನೆಟ್ಟಗಾಗಿ ತಂತಿಗಳು ಫ್ರೆಟ್ಟಿಗೆ ಬಡಿಯೋಕೆ ಶುರು. ಇದನ್ನೂ ಜನವರಿಯಲ್ಲಿ ಮತ್ತೆ ಬಿಚ್ಚಬೇಕು.

ಸರಿ. ಶುರುವಿನಲ್ಲಿ ಕೇಳಿಸಿದ ಗುಂಯ್ ಮೊದಲ ದಿನ ರೆಕಾರ್ಡ್ ಮಾಡಿದ್ದು. ಈಗ ಟ್ಯೂಬ್‌ಲೈಟ್ ಹಾಕಿಯೇ ಇದೆ, ಸ್ವಿಚ್ ಎರಡನೇ ಸ್ಥಾನದಲ್ಲಿದೆ, ಆಂಪ್ ಐದಕ್ಕಿದೆ. ಅಜ್ಜಿ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದಾರೆ. ಒಂದು ನಿಮಿಷ ಅಜ್ಜಿ. ನಾನು ಮಾತು ನಿಲ್ಲಿಸುತ್ತೇನೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ.